ಮೇಲಿನ ಎಡ ಮೂಲೆ

ಕ್ರಾಲೆಂಡೈಕ್, ಬೊನೇರ್ ದ್ವೀಪ
12 ಜುಲೈ 1998

ಪ್ರೀತಿಯ ಪದ್ಮಿನಿ ಅಕ್ಕ,

ಹದಿನಾಲ್ಕು ಫಿಲ್ಮ್ ರೋಲು ಕೊರಿಯರಿನಲ್ಲಿ ಕಳಿಸಿದ್ದೇನೆ. ನಿನ್ನ ಲ್ಯಾಬಿನ ವಿಳಾಸಕ್ಕೇ ಬರುತ್ತದೆ. ಬೇರೆ ಯಾರ ಕೈಗೂ ಕೊಡಬೇಡ. ನೀನೇ ತೊಳೆ, ನೀನೇ ಸ್ಲೈಡಿಗೆ ಚೌಕಟ್ಟು ಹಾಕು, ಆಮೇಲೆ ಮರೈಕೆಗೆ ತಲುಪಿಸು. ಅವಳು ದೊಡ್ಡ ಸಂಪಾದಕಿ ಹೌದು, ಆದರೆ ಸ್ಲೈಡನ್ನು ಬಿಸ್ಕೆಟಿನ ಹಾಗೆ ಹಿಡಿಯುತ್ತಾಳೆ.

ಡಚ್ಚರ ಆರು ದ್ವೀಪಗಳ ಕಡಲತೀರ, ಕೋಟೆ, ಹಳೇ ಕಟ್ಟಡ. ನೂರಿಪ್ಪತ್ತು ಚಿತ್ರ. ಪುಸ್ತಕದ ಮೇಲೆ ಒಂದೇ ಹೆಸರು, ಅದು ನನ್ನದು. ಹೇಗ್‌ನಲ್ಲಿ ಫೋಟೋಗ್ರಫಿ ಕಲಿತ ಮೇಲೆ ನಾಲ್ಕು ವರ್ಷ ಬೇರೆಯವರ ಲೈಟು ಹಿಡಿದು ನಿಂತವನಿಗೆ ಇದು ಇನ್ನೂ ನಂಬಲಿಕ್ಕಾಗುವುದಿಲ್ಲ.

ಇಲ್ಲಿ ಉಪ್ಪಿನ ಗದ್ದೆಗಳುಂಟು. ನೀರು ಗುಲಾಬಿ ಬಣ್ಣ. ಅದರ ಪಕ್ಕದಲ್ಲಿ, ಕಡಲಿಗೆ ಮುಖ ಮಾಡಿ, ಸುಣ್ಣ ಬಳಿದ ಸಣ್ಣ ಸಣ್ಣ ಕಲ್ಲಿನ ಗೂಡುಗಳು. ಗೋಡೆ ನನ್ನ ಎದೆಮಟ್ಟ. ಉಪ್ಪು ಹೊರುವ ಗುಲಾಮರನ್ನು ಮಲಗಿಸಲು ಕಟ್ಟಿದ್ದಂತೆ. ಮೊಣಕಾಲೂರಿಯೇ ಒಳಗೆ ಹೋಗಬೇಕು. ಪ್ರವಾಸಿಗಳು ಬಾಗಿಲಲ್ಲಿ ಕೂತು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಎರಡು ದಿನ ಕಾದು, ಯಾರೂ ಇಲ್ಲದ ಹೊತ್ತಿನಲ್ಲಿ ತೆಗೆದೆ. ಹನ್ನೊಂದನೇ ರೋಲು, ನೋಡು.

ಇಲ್ಲಿ ಒಂದು ಜಾತಿಯ ನುಸಿ ಉಂಟು ಮಾರಾಯ್ತಿ. ಕಣ್ಣೆದುರೇ ತೇಲುತ್ತಿರುತ್ತದೆ. ಕೈ ಬೀಸಿದರೆ ಹೋಗುವುದಿಲ್ಲ, ಕಚ್ಚುವುದೂ ಇಲ್ಲ. ಬಿಳೀ ಗೋಡೆ ನೋಡುವಾಗ ಮಾತ್ರ ಕಾಟ.

ಮುಂದಿನ ತಿಂಗಳು ಸಿಂಟ್ ಯೂಸ್ಟೇಷಿಯಸ್ ದ್ವೀಪಕ್ಕೆ ಹೋಗುತ್ತೇನೆ. ಅಲ್ಲಿನ ಕೋಟೆಯೇ ಪುಸ್ತಕದ ಮುಖಪುಟ. ಭಾವನಿಗೆ ನಮಸ್ಕಾರ. ಮಾವ ಒಂದು ಶಂಖ ಎತ್ತಿಟ್ಟಿದ್ದಾನೆ ಅಂತ ಮಗಳು ಹಿತಾಳಿಗೆ ಹೇಳು.

ನಿನ್ನ
ಲತೀಶ


ಬೈಟನ್‌ವೆಲ್ಡರ್ಟ್, ಆಮ್‌ಸ್ಟರ್‌ಡ್ಯಾಮ್
25 ಜುಲೈ 1998

ಪ್ರೀತಿಯ ಲತೀಶ,

ಹನ್ನೊಂದನೇ ರೋಲನ್ನು ಲೈಟ್ ಟೇಬಲ್ಲಿನ ಮೇಲಿಟ್ಟಾಗ ಲ್ಯಾಬಿನಲ್ಲಿ ಎಲ್ಲರೂ ಬಂದು ನಿಂತರು. ನಮ್ಮ ಮುದುಕ ಮೇಲ್ವಿಚಾರಕ ಭೂತಗನ್ನಡಿ ಕಣ್ಣಿನಿಂದ ತೆಗೆಯದೆ ಕೇಳಿದ, ‘ನಿನ್ನ ತಮ್ಮನಾ?’ ಹೌದು ಎಂದೆ. ‘ಅವನಿಗೆ ಕಾಯಲು ಗೊತ್ತುಂಟು’ ಎಂದ. ಈ ಮನುಷ್ಯ ಹೊಗಳಿದ್ದನ್ನು ನಾನು ಆರು ವರ್ಷದಲ್ಲಿ ಕೇಳಿದ್ದು ಇದೇ ಮೊದಲು. ಮರೈಕೆಯೂ ಸಂತೋಷಪಟ್ಟಿದ್ದಾಳೆ.

ಒಂದು ಮಾತು. ನೀನು ಕನ್ನಡಕದ ನಂಬರು ನೋಡಿಸಿ ಎಷ್ಟು ಕಾಲವಾಯಿತು? ಆ ನುಸಿ ಎರಡು ಕಣ್ಣಿಗೂ ಕಾಣುತ್ತದಾ, ಒಂದಕ್ಕೆ ಮಾತ್ರವಾ? ಒಂದೊಂದೇ ಕಣ್ಣು ಮುಚ್ಚಿ ನೋಡಿ ಬರಿ. ಸುಮ್ಮನೆ ಕೇಳಿದೆ. ಬಿಸಿಲಿಗೆ ಟೊಪ್ಪಿ ಹಾಕಿಕೋ.

ತುಳುವಿನಲ್ಲಿ ಜಗಳವಾಡುವ ನಾವು ಕಾಗದ ಮಾತ್ರ ಕನ್ನಡದಲ್ಲಿ ಬರೆಯುವುದರಿಂದ ನಾನು ಇಲ್ಲಿ ಸ್ವಲ್ಪ ಶಿಸ್ತಿನವಳ ಹಾಗೆ ಕಾಣಬಹುದು. ಹಿತಾ ನಿನಗೆ ಡಚ್ಚಿನಲ್ಲಿ ಏನೋ ಬರೆದಿದ್ದಾಳೆ, ಜೊತೆಗಿಟ್ಟಿದ್ದೇನೆ.

ಅಕ್ಕ


ಒರಾನ್ಯೆಸ್ಟಾಟ್, ಸಿಂಟ್ ಯೂಸ್ಟೇಷಿಯಸ್
9 ಆಗಸ್ಟ್ 1998

ಅಕ್ಕ,

ಹನ್ನೆರಡು ದಿನ ಪ್ರಯಾಣ ಮಾಡಿ ಬಂದ ಕಾಗದದಲ್ಲಿ ಅರ್ಧ ಕನ್ನಡಕದ ವಿಚಾರ. ನನಗೆ ಇಪ್ಪತ್ತೆಂಟು ವರ್ಷ. ಟೊಪ್ಪಿ ಉಂಟು.

ಈ ದ್ವೀಪ ಎಷ್ಟು ಸಣ್ಣದೆಂದರೆ ಬೆಳಿಗ್ಗೆ ಒಂದು ಕಡಲು, ಮಧ್ಯಾಹ್ನ ಇನ್ನೊಂದು ಕಡಲು. ಒಂದು ಕಾಲದಲ್ಲಿ ಸಾವಿರಾರು ಹಡಗು ಬರುತ್ತಿದ್ದ ಬಂದರು. ಈಗ ದಡದ ಗೋದಾಮುಗಳ ಗೋಡೆಗಳು ಅರ್ಧ ನೀರಿನಲ್ಲಿ ನಿಂತಿವೆ. ಮೇಲೆ ಬಂಡೆಯ ತುದಿಗೆ ಕೋಟೆ, ಕೆಳಗೆ ಕಡಲಿಗೆ ತಿರುಗಿದ ಫಿರಂಗಿಗಳು. ನನಗೆ ಬೇಕಾದ ಬೆಳಕು ಇನ್ನೂ ಬಂದಿಲ್ಲ. ಸೆಪ್ಟೆಂಬರಿನ ಎರಡನೇ ವಾರದ ಮೇಲೆ ಸೂರ್ಯ ಸರಿಯಾಗಿ ಆ ಕಮಾನಿನ ಎದುರು ಮುಳುಗುತ್ತಾನೆ ಎಂದು ಮಿಸ್ ಆಲ್ಮಾ ಹೇಳುತ್ತಾಳೆ. ಅವಳ ಮನೆಯಲ್ಲೇ ನನ್ನ ಕೋಣೆ. ಎಪ್ಪತ್ತು ದಾಟಿದವಳು, ಹುಟ್ಟಿದ್ದು ಇಲ್ಲೇ.

ನಾಲ್ಕೈದು ದಿನದಿಂದ ಸಂಜೆ ಕಡಲ ಮೇಲೆ ಬಲಗಡೆಯ ಅಂಚಿನಲ್ಲಿ ಮಿಂಚುತ್ತದೆ. ಮೋಡ ಇಲ್ಲ, ಗುಡುಗಿಲ್ಲ. ನಿನ್ನೆ ಜಗುಲಿಯಲ್ಲಿ ಕೂತಾಗ ಆಲ್ಮಾಳಿಗೆ ತೋರಿಸಿದೆ. ಅವಳು ಕಡಲನ್ನು ನೋಡದೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ‘ಮಗನೇ, ಅಲ್ಲಿ ಏನೂ ಇಲ್ಲ’ ಎಂದಳು. ಮುದುಕಿಗೆ ಕಣ್ಣು ಮಂದ.

ಒಂಬತ್ತು ರೋಲು ಕಳಿಸಿದ್ದೇನೆ.

ಲತೀಶ


ಬೈಟನ್‌ವೆಲ್ಡರ್ಟ್
22 ಆಗಸ್ಟ್ 1998

ಲತೀಶ,

ರೋಲುಗಳು ಬಂದವು. ಎಲ್ಲ ಚೆನ್ನಾಗಿವೆ. ಮರೈಕೆಗೆ ಕೊಟ್ಟಿದ್ದೇನೆ, ಅವಳಿಂದ ಯಾವ ದೂರೂ ಇಲ್ಲ.

ಆ ಮಿಂಚಿನ ಬಗ್ಗೆ ಹೇಳು. ಕಣ್ಣು ಮುಚ್ಚಿದರೂ ಕಾಣುತ್ತದಾ? ತಲೆ ತಿರುಗಿಸಿದಾಗ ಜಾಸ್ತಿಯಾ? ಕ್ಯಾಮೆರಾಕ್ಕೆ ನೀನು ಇಡುವುದು ಬಲಗಣ್ಣು ಅಲ್ವಾ? ಅಲ್ಲಿ ಆಸ್ಪತ್ರೆ ಉಂಟೆಂದು ನಕ್ಷೆಯಲ್ಲಿ ನೋಡಿದೆ. ಒಮ್ಮೆ ಹೋಗಿ ತೋರಿಸು, ಹತ್ತು ನಿಮಿಷದ ಕೆಲಸ.

ಮಿಸ್ ಆಲ್ಮಾಳ ಮನೆಗೆ ಎರಡು ಸಲ ಫೋನು ಮಾಡಿದೆ. ಎರಡೂ ಸಲ ನೀನು ಗುಡ್ಡಕ್ಕೆ ಹೋಗಿದ್ದಿ ಎಂದರು. 30ರ ಭಾನುವಾರ ಸಂಜೆ ಆರಕ್ಕೆ, ನಿನ್ನ ಗಡಿಯಾರದ ಆರಕ್ಕೆ, ಮತ್ತೆ ಮಾಡುತ್ತೇನೆ. ಕಾಗದ ತಡವಾದೀತೆಂದು ಮಿಸ್ ಆಲ್ಮಾಳಿಗೂ ಹೇಳಿಟ್ಟಿದ್ದೇನೆ. ಎಲ್ಲಿಗೂ ಹೋಗಬೇಡ.

ಅಕ್ಕ


ಒರಾನ್ಯೆಸ್ಟಾಟ್
3 ಸೆಪ್ಟೆಂಬರ್ 1998

ಅಕ್ಕ,

ಭಾನುವಾರ ಚರ್ಚಿನ ಗೋಪುರ ಹತ್ತಿದ್ದೆ, ಇಳಿಯುವಾಗ ತಡವಾಯಿತು. ಬೇಸರ ಮಾಡಬೇಡ.

ಮಿಂಚು ನಿಂತಿದೆ. ನುಸಿಯೂ ಕಡಿಮೆ. ನಿನ್ನ ಸಮಾಧಾನಕ್ಕೆ ಹೇಳುತ್ತೇನೆ, ನಾನು ಚೆನ್ನಾಗಿದ್ದೇನೆ.

ಈ ಸಲದ ಏಳು ರೋಲಿನಲ್ಲಿ ಗೋದಾಮುಗಳ ಇಡೀ ಸಾಲು ಉಂಟು. ಇದು ನನ್ನ ಇದುವರೆಗಿನ ಅತ್ಯುತ್ತಮ ಕೆಲಸ, ಅಹಂಕಾರವಿಲ್ಲದೆ ಹೇಳುತ್ತೇನೆ. ಕೋಟೆಯ ಕಮಾನು ಒಂದು ಸಿಕ್ಕಿದರೆ ಹೊರಟೆ. 25ಕ್ಕೆ ಟಿಕೆಟ್ಟು. ಅಲ್ಲಿಯವರೆಗೆ ಮರೈಕೆಗೆ ನನ್ನ ಆರೋಗ್ಯ ಗೀರೋಗ್ಯ ಅಂತ ಏನೂ ಹೇಳಬೇಡ. ಅವಳ ಹತ್ತಿರ ಇನ್ನೊಬ್ಬ ಫೋಟೋಗ್ರಾಫರ್ ಚೀಲ ಕಟ್ಟಿಕೊಂಡು ತಯಾರಿದ್ದಾನೆ.

ಲತೀಶ


ಬೈಟನ್‌ವೆಲ್ಡರ್ಟ್
11 ಸೆಪ್ಟೆಂಬರ್ 1998

ಲತೀಶ,

ಇದನ್ನು ಅಂಚೆಗೆ ಹಾಕದೆ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಿಂತುಕೊಂಡು ಓದಬೇಡ, ಕೂತು ಓದು.

ಕಳೆದ ತಿಂಗಳ ರೋಲುಗಳು ಚೆನ್ನಾಗಿವೆ ಎಂದು ಬರೆದದ್ದು ಸುಳ್ಳು. ಹದಿನೇಳು ಸ್ಲೈಡುಗಳ ಮೇಲಿನ ಎಡ ಮೂಲೆಯಲ್ಲಿ ಇರಬಾರದ್ದು ಇತ್ತು. ಕರೆಂಟಿನ ತಂತಿ, ಬೀದಿ ದೀಪದ ತಲೆ, ಯಾರದೋ ಒಣಗಲು ಹಾಕಿದ ಅಂಗಿಯ ತೋಳು. ಒಂದು ತಂತಿ ಚೌಕಟ್ಟಿನೊಳಗೆ ಬಂದರೆ ಇಡೀ ದಿನ ಊಟ ಬಿಡುವವನು ನೀನು. ನಾನು ಆ ಮೂಲೆಗಳಿಗೆ ಬೆಳ್ಳಿ ಟೇಪು ಹಚ್ಚಿ, ಅಂಚು ಕತ್ತರಿಸಿದಂತೆ ಮಾಡಿ ಮರೈಕೆಗೆ ಕೊಟ್ಟೆ. ಅವಳಿಗೆ ಗೊತ್ತಾಗಲಿಲ್ಲ. ನಿನ್ನ ಕೆಲಸ ಉಳಿಯಲಿ ಅಂತ ಮಾಡಿದೆ.

ಇವತ್ತು ಹೊಸ ಏಳು ರೋಲು ನೋಡಿದೆ. ಇನ್ನು ಟೇಪು ಸಾಲುವುದಿಲ್ಲ. ಆರು ಚಿತ್ರಗಳಲ್ಲಿ ನಿನ್ನದೇ ಕ್ಯಾಮೆರಾದ ಕಪ್ಪು ಪಟ್ಟಿ ಆಕಾಶದಿಂದ ನೇತಾಡುತ್ತಿದೆ. ನಿನಗೆ ಅದು ಕಾಣಲಿಲ್ಲ. ಯಾವಾಗಲೂ ಅದೇ ಮೂಲೆ, ಅದೇ ಅಳತೆ, ಈಗ ಮೊದಲಿಗಿಂತ ದೊಡ್ಡದು. ನಿನ್ನ ಬಲಗಣ್ಣಿನಲ್ಲಿ ಒಂದು ಪರದೆ ಇಳಿಯುತ್ತಿದೆ. ಅದು ನಿನಗೆ ಗೊತ್ತಿಲ್ಲ ಎಂದುಕೊಂಡಿದ್ದೇನೆ.

ಇನ್ನೊಂದು. ಅಪ್ಪ 1981ರಲ್ಲಿ ಕುಂದಾಪುರದ ಸ್ಟುಡಿಯೋ ಮುಚ್ಚಿದ್ದು ಕಲರ್ ಫಿಲ್ಮು ಬಂತು ಅಂತ ಅಲ್ಲ. ಮೊದಲು ನುಸಿ ಬಂತು, ಆಮೇಲೆ ಮಿಂಚು ಬಂತು, ಆಮೇಲೆ ಬಲಗಣ್ಣು ಹೋಯಿತು. ಕಣ್ಣಿನ ಹಿಂದಿನ ಪದರ ಗೋಡೆ ಬಿಟ್ಟು ಕಳಚಿಕೊಂಡಿತ್ತು. ಬಸ್ಸಿನಲ್ಲಿ ಕೂರಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋದವಳು ನಾನು, ನನಗೆ ಹದಿನೇಳು. ತಡವಾಗಿತ್ತು. ‘ಸಣ್ಣವನಿಗೆ ಹೇಳಬೇಡ ಮಗಾ, ಅವನು ಹೆದರಿ ಕ್ಯಾಮೆರಾ ಮುಟ್ಟದೆ ಹೋದಾನು’ ಎಂದರು. ಅವರು ತೀರಿಹೋದ ಮೇಲೂ ನಾನು ಹೇಳಲಿಲ್ಲ. ದಪ್ಪ ಕನ್ನಡಕದವರ ಮಕ್ಕಳಿಗೆ ಇದು ಬರಬಹುದು ಎಂದು ಅಲ್ಲಿನ ಡಾಕ್ಟರು ಅವತ್ತೇ ಹೇಳಿದ್ದರು.

ಕೋಟೆ ಬಿಡು. ಕ್ಯಾಮೆರಾ ಬಿಡು. ಸಿಗುವ ಮೊದಲ ವಿಮಾನ ಹತ್ತು. ಬೇಡಿಕೊಳ್ಳುತ್ತೇನೆ.

ಅಕ್ಕ


ಒರಾನ್ಯೆಸ್ಟಾಟ್
18 ಸೆಪ್ಟೆಂಬರ್ 1998

ನಿನ್ನ ಕಾಗದ ನಿನ್ನೆ ಸಿಕ್ಕಿತು.

ಹದಿನೇಳು ಸ್ಲೈಡು. ನೀನು ಹಚ್ಚುತ್ತಾ ಕೂತೆ. ನಾಲ್ಕು ವಾರ. ಮೊದಲನೇ ತಂತಿ ಕಂಡ ದಿನ ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಅಪ್ಪನ ಕಣ್ಣಿನ ವಿಚಾರ ನನಗೆ ಹದಿನೇಳು ವರ್ಷದ ಮೇಲೆ ಕೊರಿಯರಿನಲ್ಲಿ ಬರಬೇಕಾ?

ಸೋಮವಾರ 21ರ ಬೆಳಗಿನ ಸಣ್ಣ ವಿಮಾನದಲ್ಲಿ ಸೀಟು ಸಿಕ್ಕಿದೆ. ಅದಕ್ಕೂ ಮೊದಲು ಯಾವುದೂ ಇಲ್ಲ. ರೇಡಿಯೋದಲ್ಲಿ ಚಂಡಮಾರುತದ ಎಚ್ಚರಿಕೆ ಕೊಡುತ್ತಿದ್ದಾರೆ. ಆಲ್ಮಾ ಕಿಟಕಿಗಳಿಗೆ ಹಲಗೆ ಹೊಡೆಸುತ್ತಿದ್ದಾಳೆ. ಈಗ ಪರದೆ ಮೂಲೆಯಲ್ಲಿಲ್ಲ, ಅರ್ಧಕ್ಕೆ ಬಂದಿದೆ.

ಲತೀಶ


ಬೈಟನ್‌ವೆಲ್ಡರ್ಟ್
23 ಸೆಪ್ಟೆಂಬರ್ 1998

ಲತೀಶ,

ಈ ಕಾಗದ ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ. ಭಾನುವಾರದಿಂದ ಫೋನಿಗೆ ಶಬ್ದವೇ ಇಲ್ಲ. ಟಿವಿಯಲ್ಲಿ ದೊಡ್ಡ ದ್ವೀಪಗಳನ್ನು ತೋರಿಸುತ್ತಾರೆ, ನಿನ್ನ ದ್ವೀಪದ ಹೆಸರು ಒಮ್ಮೆ ಬಂದು ಹೋಯಿತು. ಮನೆಗಳ ಮಾಡುಗಳು ಹಾರಿಹೋಗಿವೆ, ವಿಮಾನ ನಿಲ್ದಾಣ ಮುಚ್ಚಿದೆ, ಅಷ್ಟೇ. ಭಾವ ಆಫೀಸಿಗೆ ಹೋಗದೆ ವಿದೇಶಾಂಗ ಇಲಾಖೆಯ ನಂಬರು ಹಿಡಿದು ಕೂತಿದ್ದಾರೆ. ‘ಪಟ್ಟಿಯಲ್ಲಿ ಹೆಸರಿಲ್ಲ’ ಎನ್ನುತ್ತಾರಂತೆ. ಯಾವ ಪಟ್ಟಿ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ನಿನ್ನೆ ಮರೈಕೆಯ ಹತ್ತಿರ ಹೋಗಿ ಅವಳ ಮೇಜಿನ ಮೇಲೆಯೇ ಹದಿನೇಳು ಟೇಪುಗಳನ್ನೂ ಕಿತ್ತೆ. ಅವಳು ಒಂದೊಂದು ಮೂಲೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕಣ್ಣಿನ ಆಸ್ಪತ್ರೆಯಲ್ಲಿರುವ ತನ್ನ ಅಣ್ಣನಿಗೆ ಫೋನು ಮಾಡಿದಳು. ನೀನು ಬಂದಿಳಿದ ದಿನವೇ ನೋಡುತ್ತಾರೆ.

ನೀನು ಬೈದದ್ದು ಸರಿ. ಇನ್ನೂ ಬೈ. ಬೈಯಲಿಕ್ಕಾದರೂ ಬಾ.

ಅಕ್ಕ


ಒರಾನ್ಯೆಸ್ಟಾಟ್
25 ಸೆಪ್ಟೆಂಬರ್ 1998

ಅಕ್ಕ,

ಅಕ್ಷರ ದೊಡ್ಡದಾಗಿ ಅಡ್ಡಾದಿಡ್ಡಿ ಬರುತ್ತಿದೆ, ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ. ಔಷಧಿ ತಂದ ಪೈಲಟ್ ಇದನ್ನು ಒಯ್ಯುತ್ತಾನೆ. ಅವನ ವಾಪಸು ವಿಮಾನದಲ್ಲಿ ಗಾಯವಾದವರಿಗೆ ಮಾತ್ರ ಜಾಗ. ನನಗೆ ನಾಳೆ ಎಂದಿದ್ದಾರೆ.

ನಾನು, ಆಲ್ಮಾ, ಅವಳ ಬೆಕ್ಕು ಸ್ನಾನದ ಕೋಣೆಯಲ್ಲಿ ಕೂತಿದ್ದೆವು. ಮಾಡಿನ ತಗಡು ಒಂದೊಂದಾಗಿ ಹೋಗುವುದು ಕೇಳುತ್ತಿತ್ತು. ಅವಳು ಪ್ರಾರ್ಥನೆ ಮಾಡಲಿಲ್ಲ, ತನ್ನ ಮದುವೆಯಲ್ಲಿ ಯಾರು ಯಾರು ಏನು ತಿಂದರು ಅಂತ ಹೇಳುತ್ತಾ ಹೋದಳು.

ಸೋಮವಾರ ಬೆಳಿಗ್ಗೆ ಬಾಗಿಲು ಒದ್ದು ತೆರೆದೆವು. ಅಂಗಳದಲ್ಲಿ ಪಕ್ಕದ ಮನೆಯ ಫ್ರಿಜ್ಜು ಬಿದ್ದಿತ್ತು. ಆಲ್ಮಾ ನನ್ನೆದುರು ಬಂದು ಭುಜ ಹಿಡಿದು ‘ಪೆಟ್ಟಾಯಿತಾ?’ ಎಂದಳು. ಎಡಗಣ್ಣಿಗೆ ಕಸ ಹೊಕ್ಕಿತ್ತು, ಮುಚ್ಚಿಕೊಂಡಿದ್ದೆ. ಬಲಗಣ್ಣಿನಲ್ಲಿ ಅವಳ ಎರಡು ಕೈ ಕಂಡವು, ಲಂಗದ ಅಂಚು ಕಂಡಿತು. ಮುಖ ಇರಲಿಲ್ಲ. ಮುಖ ಇರಬೇಕಾದ ಕಡೆ ಬೂದಿ ಬಣ್ಣ.

ಬರುತ್ತೇನೆ.

ಲತೀಶ


ಬೈಟನ್‌ವೆಲ್ಡರ್ಟ್
17 ಜನವರಿ 1999

ಪ್ರೀತಿಯ ಲತೀಶ,

ಇದು ನಾನು ಮಾಸ್ಟ್ರಿಕ್ಟಿಗೆ ಬರೆಯುತ್ತಿರುವ ಮೂರನೇ ಕಾಗದ. ನೀನು ಅಲ್ಲೇ ಇದ್ದಿ, ಊಟ ಮಾಡುತ್ತಿದ್ದಿ ಎಂದು ಚೇತನ್ ಫೋನಿನಲ್ಲಿ ಹೇಳಿದ. ಯೂನಿವರ್ಸಿಟಿಯ ಒಂದು ಕೋಣೆಯಲ್ಲಿ ಇಬ್ಬರು ಹೇಗೆ ಇರುತ್ತೀರೋ. ನಿನ್ನ ಗೆಳೆಯ ಒಳ್ಳೆಯವನು, ಅವನಿಗೆ ತೊಂದರೆ ಕೊಡಬೇಡ.

ನವೆಂಬರಿನ ಆ ದಿನವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಅಕ್ಟೋಬರಿನಲ್ಲಿ ಆಪರೇಷನ್ ಆಗಿ ಹತ್ತು ದಿನ ನೀನು ಡಾಕ್ಟರು ಹೇಳಿದಂತೆ ನಮ್ಮ ಹಾಲ್‌ನ ಸೋಫಾದಲ್ಲಿ ಕವುಚಿ ಮಲಗಿದ್ದೆ, ಹಿತಾ ಚಿತ್ರದ ಪುಸ್ತಕ ಹಿಡಿದು ನಿನ್ನ ಮುಖದ ಕೆಳಗೆ ನೆಲದಲ್ಲಿ ಅಂಗಾತ ಮಲಗಿ ಓದಿ ಹೇಳುತ್ತಿದ್ದಳು. ನೀನು ನಗುತ್ತಿದ್ದೆ. ಎಲ್ಲ ಸರಿಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆಮೇಲೆ ಆ ದಿನ, ಆಪರೇಷನ್ ಮಾಡಿದ ಡಾಕ್ಟರು, ‘ಮೂರು ವಾರ ಮೊದಲು ಬಂದಿದ್ದರೆ ನಡುವಿನ ದೃಷ್ಟಿ ಉಳಿಯುತ್ತಿತ್ತು’ ಎಂದರು. ವಾಪಸು ಬರುವಾಗ ಟ್ರಾಮಿನಲ್ಲಿ ನೀನು ನನ್ನ ಕಡೆ ತಿರುಗದೆ, ‘ನನ್ನ ಕಣ್ಣು ಮುಚ್ಚಿದ್ದು ನೀನು’ ಎಂದೆ. ತುಳುವಿನಲ್ಲಿ ಹೇಳಿದ್ದರಿಂದ ಸುತ್ತಲಿನವರಿಗೆ ತಿಳಿಯಲಿಲ್ಲ. ಅಂದು ಸಂಜೆಯೇ ನೀನು ಮನೆ ಬಿಟ್ಟು ಹೊರಟೆ.

ನಾನು ವಾದ ಮಾಡುವುದಿಲ್ಲ. ಆ ಟೇಪುಗಳನ್ನು ಕೂದಲೆಳೆ ತಪ್ಪದೆ ಹಚ್ಚಿದೆ, ಅದು ನನಗೆ ನೆನಪುಂಟು. ಚೆನ್ನಾಗಿ ಕೆಲಸ ಮಾಡಿದೆ ಅಂತ ಹೆಮ್ಮೆಯೂ ಆಗಿತ್ತು. ಡಿಸೆಂಬರಿನಲ್ಲಿ ಲ್ಯಾಬ್ ಬಿಟ್ಟೆ. ಸ್ಲೈಡು ಮುಟ್ಟಲಿಕ್ಕಾಗುವುದಿಲ್ಲ.

ಮರೈಕೆ ನಿನ್ನ ಎಂಬತ್ತನಾಲ್ಕು ಚಿತ್ರ ಇಟ್ಟುಕೊಂಡಿದ್ದಾಳೆ. ಉಳಿದದ್ದನ್ನು ಇನ್ನೊಬ್ಬ ತೆಗೆಯುತ್ತಾನೆ. ಹೊದಿಕೆಯ ಮೇಲೆ ಎರಡು ಹೆಸರು, ಮೊದಲು ನಿನ್ನದು. ಒಪ್ಪಿಗೆಯ ಪತ್ರ ಜೊತೆಗಿದೆ. ನನಗಾಗಿ ಬೇಡ, ಅದಕ್ಕಾದರೂ ಉತ್ತರ ಕೊಡು.

ಅಕ್ಕ


ಮಾಸ್ಟ್ರಿಕ್ಟ್
18 ಫೆಬ್ರವರಿ 1999

ಅಕ್ಕ,

ಮರೈಕೆಗೆ ಸಹಿ ಮಾಡಿ ಕಳಿಸಿದೆ. ಆಮೇಲೆ ನಿನ್ನ ಮೂರು ಕಾಗದಗಳನ್ನೂ ಮೇಜಿನ ಮೇಲಿಟ್ಟು ಒಂದು ತಿಂಗಳು ಕಳೆದೆ. ನೀನು ಲ್ಯಾಬ್ ಬಿಟ್ಟ ಸಾಲು ಓದಿದ ಮೇಲೆ ಸುಮ್ಮನಿರಲಿಕ್ಕಾಗಲಿಲ್ಲ. ಆದರೆ ಪೆನ್ನು ಹಿಡಿದಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಇವತ್ತು ಚೇತನ್ ಲೈಬ್ರರಿಗೆ ಹೋಗಿದ್ದಾನೆ, ಅವನು ಬರುವ ಮೊದಲು ಮುಗಿಸಿ ಡಬ್ಬಿಗೆ ಹಾಕುತ್ತೇನೆ.

ಸೆಪ್ಟೆಂಬರ್ ಎರಡನೇ ತಾರೀಕು ನಾನು ಆ ದ್ವೀಪದ ಆಸ್ಪತ್ರೆಗೆ ಹೋಗಿದ್ದೆ. ನಿನ್ನ ಕಾಗದ ಓದಿ ಅಲ್ಲ. ಪರದೆ ನನಗೇ ಕಂಡಿತ್ತು, ಆಗಸ್ಟ್ ಕೊನೆಯಿಂದಲೇ. ಡಾಕ್ಟರು ವಯಸ್ಸಾದ ಹೆಂಗಸು. ಕಣ್ಣಿಗೆ ಹನಿ ಬಿಟ್ಟು, ಬೆಳಕು ಹಾಕಿ ನೋಡಿ, ತಾನೇ ವಿಮಾನದವರಿಗೆ ಫೋನು ಮಾಡಿ ಮರುದಿನ ಬೆಳಗಿನ ಸೀಟು ಹಿಡಿದಳು. ‘ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡುವ ಊರಿನಲ್ಲಿರಬೇಕು. ಕಾದರೆ ಈ ಕಣ್ಣು ಹೋಗುತ್ತದೆ’ ಎಂದಳು. ಹೌದು ಎಂದು ತಲೆಯಾಡಿಸಿ ಹೊರಗೆ ಬಂದೆ.

ಮರುದಿನ ವಿಮಾನ ಹೊರಡುವ ಹೊತ್ತಿಗೆ ನಾನು ಕೋಟೆಯಲ್ಲಿದ್ದೆ. ಮಿಂಚು ನಿಂತಿದೆ ಎಂದು ನಿನಗೆ ಬರೆದದ್ದು ಅಂದೇ ಮಧ್ಯಾಹ್ನ.

ಹತ್ತು ದಿನ ಸಾಕು, ಕಮಾನು ಸಿಗುತ್ತದೆ, ಆಮೇಲೆ ಕಣ್ಣು ನೋಡಿಕೊಂಡರಾಯಿತು ಅಂತ ಲೆಕ್ಕ ಹಾಕಿದ್ದೆ. ಡಾಕ್ಟರು ಹೆದರಿಸುತ್ತಾರೆ ಅಂದುಕೊಂಡೆ. ನಾನು ಹೋದರೆ ಇನ್ನೊಬ್ಬ ಬಂದು ನಾನು ಹುಡುಕಿಟ್ಟ ಜಾಗದಲ್ಲೇ ಕಾಲೂರಿ ನಿಂತು ಅದೇ ಚಿತ್ರ ತೆಗೆಯುತ್ತಾನೆ ಎಂಬ ಯೋಚನೆ ಸಹಿಸಲಿಕ್ಕಾಗಲಿಲ್ಲ. ನೀನು ಆಗಸ್ಟ್ ಕೊನೆಯ ಭಾನುವಾರ ಫೋನು ಮಾಡಿದಾಗ ನಾನು ಗೋಪುರದಲ್ಲಿರಲಿಲ್ಲ. ಫೋನಿನ ಪಕ್ಕದಲ್ಲೇ ನಿಂತು ಆಲ್ಮಾಳಿಗೆ ‘ಇಲ್ಲ ಅನ್ನು’ ಎಂದು ಕೈ ಆಡಿಸಿದ್ದೆ. ಅವಳು ಇಟ್ಟ ಮೇಲೆ, ‘ನಿನ್ನ ಅಕ್ಕನ ದನಿ ಅಳುವ ಹಾಗಿತ್ತು’ ಎಂದಳು. ಮರುದಿನ ಅವಳು ನನ್ನೊಡನೆ ತಿಂಡಿಗೆ ಕೂರಲಿಲ್ಲ.

ಕಮಾನಿನ ಬೆಳಕು 14ರ ಸಂಜೆ ಬಂತು. ಹದಿನೈದು ಫ್ರೇಮು ತೆಗೆದೆ. ಆ ರೋಲು ಚಂಡಮಾರುತದಲ್ಲಿ ನೀರು ಪಾಲಾಯಿತು. ಅದನ್ನೂ ನಾನು ಯಾರಿಗೂ ಹೇಳಿರಲಿಲ್ಲ.

ನಿನ್ನ ಕೊರಿಯರ್ ಬಂದಾಗ ನಿನ್ನ ಮೇಲೆ ಸಿಟ್ಟು ಬಂದದ್ದು ನಿಜ. ಜೊತೆಗೆ ಒಂದು ಥರದ ನಿರಾಳವೂ ಆಯಿತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ತಪ್ಪಿಗೆ ಇನ್ನೊಬ್ಬರು ಸಿಕ್ಕಿದರು. ಆ ಟೇಪು ನನಗೆ ಬೇಕಾಗಿತ್ತು. ಟ್ರಾಮಿನಲ್ಲಿ ಆ ಮಾತು ಆಡುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ನೀನು ಎದುರು ಮಾತಾಡುತ್ತೀಯೋ ಅಂತ ಕಾದೆ, ನೀನು ಕಿಟಕಿ ಕಡೆ ನೋಡುತ್ತಾ ಕೂತೆ. ಆ ರಾತ್ರಿಯೊಳಗೆ ನಿನ್ನ ಮನೆ ಬಿಡದಿದ್ದರೆ ನಿಜ ಹೇಳಿಬಿಡುತ್ತಿದ್ದೆ. ಅದಕ್ಕೇ ಬಿಟ್ಟೆ.

ನೀನು ಆ ಮೊದಲ ತಂತಿ ಕಂಡ ದಿನ ಬರೆದಿದ್ದರೂ ನಾನು ಬರುತ್ತಿರಲಿಲ್ಲ ಅಕ್ಕ. ಅಷ್ಟು ಖಂಡಿತ.

ಈಗ ಬಲಗಣ್ಣಿಗೆ ಬೆಳಕು, ಕತ್ತಲೆ, ಚಲನೆ ತಿಳಿಯುತ್ತದೆ. ಓದಲಿಕ್ಕಾಗುವುದಿಲ್ಲ. ಎಡಗಣ್ಣಿನ ಒಂದು ತೆಳುವಾದ ಜಾಗಕ್ಕೆ ಇಲ್ಲಿನ ಡಾಕ್ಟರು ಲೇಸರ್ ಹಾಕಿದ್ದಾರೆ, ಅದು ಗಟ್ಟಿಯಿದೆ. ಕ್ಯಾಮೆರಾ ಎಡಗಣ್ಣಿಗಿಟ್ಟು ಅಭ್ಯಾಸ ಮಾಡುತ್ತಿದ್ದೇನೆ. ಮೂಗು ಅಡ್ಡ ಬರುತ್ತದೆ. ಚೇತನ್ ನಗುತ್ತಾನೆ.

ಭಾನುವಾರ 21ಕ್ಕೆ ಬರುತ್ತೇನೆ. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ನೀನು ಬರದಿದ್ದರೆ ಅರ್ಥವಾಗುತ್ತದೆ, ಅದೇ ರೈಲಿಗೆ ವಾಪಸು ಹೋಗುತ್ತೇನೆ. ಬರುವುದಾದರೆ ನನ್ನ ಎಡಗಡೆಯಿಂದ ಬಾ. ಬಲಗಡೆಯಿಂದ ಬಂದರೆ ಯಾರೋ ಬಂದರು ಅಂತಷ್ಟೇ ತಿಳಿಯುತ್ತದೆ, ನೀನು ಅಂತ ತಿಳಿಯುವುದಿಲ್ಲ.

ಲತೀಶ


ಬೈಟನ್‌ವೆಲ್ಡರ್ಟ್
19 ಫೆಬ್ರವರಿ 1999

ಲತೀಶ,

ಕಾಗದ ಇವತ್ತು ಬಂತು. ಈ ಕಾರ್ಡು ನಾಳೆ ನಿನ್ನ ಕೈಸೇರಬೇಕು.

ನವೆಂಬರಿನಿಂದ ನಾನು ಹಿತಾಳ ಕೂದಲು ಬಾಚುವಾಗಲೂ ಆ ಹದಿನೇಳು ಸ್ಲೈಡು ಎಣಿಸುತ್ತಿದ್ದೆ. ಅದು ನಿನಗೆ ಗೊತ್ತಿರಲಿ. ನನ್ನನ್ನು ಹಾಗೆ ಎಣಿಸಲು ಬಿಟ್ಟೆಯಲ್ಲ, ಅದನ್ನು ಇಷ್ಟು ಬೇಗ ನಾನು ಮರೆಯುವವಳಲ್ಲ. ಮನೆಗೆ ಬಂದ ಮೇಲೆ ನಿನ್ನನ್ನು ಎದುರು ಕೂರಿಸಿಕೊಂಡು ತುಳುವಿನಲ್ಲಿ ಹೇಳುವುದು ತುಂಬಾ ಉಂಟು, ನೀನು ಎದ್ದು ಹೋಗದೆ ಕೇಳಬೇಕು.

ಹನ್ನೆರಡಕ್ಕೇ ಬಂದು ನಿಂತಿರುತ್ತೇನೆ. ಇಳಿದಲ್ಲೇ ಇರು, ಅತ್ತಿತ್ತ ಹೋಗಬೇಡ. ನಿನ್ನ ಎಡಗಡೆ ಯಾವುದು ಅಂತ ನಾನು ನೋಡಿಕೊಂಡು ಬರುತ್ತೇನೆ.

ಅಕ್ಕ